ಕಪ್ಪೆಯ ರಕ್ತದಲ್ಲಿ ಕೂಲಂಟ್ ಇಲ್ಲ

ಚಳಿಗೆ ಮೈಯೆಲ್ಲ ಕಲ್ಲಿನಂತೆ ಗಡ್ಡೆಕಟ್ಟಿ, ವಸಂತ ಬರುತ್ತಲೇ ಎದ್ದು ಕುಪ್ಪಳಿಸುವ ವುಡ್ ಫ್ರಾಗ್ ಎಂಬ ಕಪ್ಪೆಯ ವಿಡಿಯೋ ನೋಡದವರು ಈಗ ಕಡಿಮೆ. ಅದರ ಜೊತೆಗೆ ಬರುವ ವಿವರಣೆ ಮಾತ್ರ ಪ್ರತಿಸಲವೂ ನನ್ನನ್ನು ಕುಟುಕುತ್ತದೆ. ಕಾರಿನ ರೇಡಿಯೇಟರ್‌ಗೆ ಕೂಲಂಟ್ ಹಾಕುವ ಹಾಗೆ ಈ ಕಪ್ಪೆ ರಕ್ತಕ್ಕೆ ಸಕ್ಕರೆ ಬೆರೆಸಿಕೊಳ್ಳುತ್ತದಂತೆ, ಅದಕ್ಕೇ ಹೆಪ್ಪುಗಟ್ಟುವುದಿಲ್ಲವಂತೆ. ಕಣ್ಣೆದುರು ಹೆಪ್ಪುಗಟ್ಟಿ ಬಿದ್ದಿರುವ ಪ್ರಾಣಿಯನ್ನು ತೋರಿಸುತ್ತಲೇ ಅದು ಹೆಪ್ಪುಗಟ್ಟುವುದಿಲ್ಲ ಎಂದರೆ ಹೇಗೆ? ಕೂಲಂಟ್‌ನ ಕೆಲಸ ನೀರು ಗಡ್ಡೆಯಾಗದಂತೆ ತಡೆಯುವುದು. ಅರ್ಧಕ್ಕರ್ಧ ಎಥಿಲೀನ್ ಗ್ಲೈಕಾಲ್ (ಕೂಲಂಟ್‌ನ ಮುಖ್ಯ ಪದಾರ್ಥ) ಬೆರೆಸಿದ ನೀರು ಮೈನಸ್ 35 ಡಿಗ್ರಿ ಸೆಲ್ಸಿಯಸ್‌ನಲ್ಲೂ ದ್ರವವಾಗೇ ಇರುತ್ತದೆ. ಕಪ್ಪೆ ಇದೇ ಕೆಲಸವನ್ನು ಸಕ್ಕರೆಯಿಂದ ಮಾಡಿಸಲು ಹೊರಟರೆ, ಬರೀ ಮೈನಸ್ 2.5 ಡಿಗ್ರಿಗೆ ಗಡ್ಡೆಯಾಗದೆ ಉಳಿಯಲು ಮೈಯ ಪ್ರತಿ ಲೀಟರ್ ನೀರಿಗೆ ಸುಮಾರು 200 ಗ್ರಾಂ ಗ್ಲೂಕೋಸ್ ಬೇಕು. ಅದು ನಿಜಕ್ಕೂ ತುಂಬಿಕೊಳ್ಳುವುದು ಹೆಚ್ಚೆಂದರೆ 45 ಗ್ರಾಂ ಆಸುಪಾಸು. ಅಷ್ಟು ಸಕ್ಕರೆ ಹೆಪ್ಪುಗಟ್ಟುವ ಬಿಂದುವನ್ನು ಇಳಿಸುವುದು ಅರ್ಧ ಡಿಗ್ರಿಗಿಂತಲೂ ಕಡಿಮೆ. ಹೊರಗೆ ಮೈನಸ್ 5 ಇರುವಾಗ ಅರ್ಧ ಡಿಗ್ರಿ ಕಟ್ಟಿಕೊಂಡು ಏನು ಮಾಡುವುದು?

ಹಾಗಾದರೆ ಸಕ್ಕರೆ ಯಾಕೆ? ಪ್ರಶ್ನೆ ಸಣ್ಣದು. ಆದರೆ ಅದರ ಉತ್ತರ ಹಿಡಿದರೆ ಚಳಿಬೆಟ್ಟಗಳ ಉಭಯಚರಗಳ ಬದುಕಿನ ಅರ್ಧ ಗುಟ್ಟು ತಾನಾಗಿ ಬಿಚ್ಚಿಕೊಳ್ಳುತ್ತದೆ. ಈ ಕಪ್ಪೆ ಮಂಜುಗಡ್ಡೆಯನ್ನು ಬಾಗಿಲಲ್ಲೇ ತಡೆದು ನಿಲ್ಲಿಸುವುದಿಲ್ಲ. ಒಳಗೆ ಬಿಟ್ಟುಕೊಂಡು, ಎಲ್ಲಿ ಕೂರಬೇಕು, ಎಷ್ಟು ಜಾಗ ಹಿಡಿಯಬೇಕು ಎಂದು ತಾನೇ ಗೊತ್ತುಮಾಡುತ್ತದೆ.

ಬಹುಪಾಲು ಗಡ್ಡೆಕಟ್ಟುವುದೇ ಇಲ್ಲ

ಮೊದಲು ಒಂದು ತಪ್ಪು ಕಲ್ಪನೆ ದಾಟಿಬಿಡೋಣ. ಹಿಮ ಬೀಳುವ ಬೆಟ್ಟಗಳಲ್ಲಿರುವ ಕಪ್ಪೆ, ನೆಲಗಪ್ಪೆ, ಸಾಲಮಾಂಡರ್‌ಗಳಲ್ಲಿ ಹೆಚ್ಚಿನವಕ್ಕೆ ಗಡ್ಡೆಕಟ್ಟಿ ಬದುಕುವ ವಿದ್ಯೆ ಗೊತ್ತಿಲ್ಲ. ಅವು ಚಳಿಯಿಂದ ತಪ್ಪಿಸಿಕೊಳ್ಳುತ್ತವೆ, ಅಷ್ಟೇ. ತಪ್ಪಿಸಿಕೊಳ್ಳಲು ದಾರಿ ಎರಡು: ನೆಲದೊಳಕ್ಕೆ ಇಳಿಯುವುದು, ಇಲ್ಲವೇ ನೀರಿನೊಳಕ್ಕೆ.

ನೆಲಗಪ್ಪೆಗಳದ್ದು ಮೊದಲ ದಾರಿ. ಮಣ್ಣು ಎಷ್ಟು ಆಳದವರೆಗೆ ಹೆಪ್ಪುಗಟ್ಟುತ್ತದೋ ಅದಕ್ಕಿಂತ ಕೆಳಗೆ ಹೋಗಿ ಕೂತರಾಯಿತು. ಅಗೆಯಲಾಗದ ಕಲ್ಲುನೆಲವಾದರೆ ಇಲಿ, ಅಳಿಲುಗಳ ಹಳೆ ಬಿಲ, ಬಂಡೆಗಳ ಸಂದು. ಕೊಲರಾಡೊದ ಬೆಟ್ಟಗಳ ಬೋರಿಯಲ್ ನೆಲಗಪ್ಪೆಗಳು ನೆಲದಡಿ ಸಣ್ಣ ತೊರೆ ಹರಿಯುವ ಕುಳಿಗಳನ್ನು ಹುಡುಕಿಕೊಂಡು ಅಲ್ಲಿ ಗುಂಪಾಗಿ ಚಳಿಗಾಲ ಕಳೆದದ್ದು ದಾಖಲಾಗಿದೆ. ಜಾಣ ಆಯ್ಕೆ. ಹರಿಯುವ ನೀರು ಸೊನ್ನೆಗಿಂತ ಕೆಳಗಿಳಿಯುವುದಿಲ್ಲ, ತನ್ನ ಸುತ್ತಲಿನ ಗಾಳಿಯನ್ನೂ ಇಳಿಯಲು ಬಿಡುವುದಿಲ್ಲ. ಆಲ್ಪ್ಸ್‌ನ ಕಪ್ಪು ಸಾಲಮಾಂಡರ್ ಇನ್ನೂ ಒಂದು ಹೆಜ್ಜೆ ಮುಂದೆ. ಅದು ನೀರಿಗೆ ಮೊಟ್ಟೆಯಿಡುವ ಗೊಡವೆಯನ್ನೇ ಬಿಟ್ಟಿದೆ. ಬೇಸಿಗೆ ಅಷ್ಟು ಚಿಕ್ಕದಾದ್ದರಿಂದ ಮರಿಗಳನ್ನು ಎರಡು ಮೂರು ವರ್ಷ ಹೊಟ್ಟೆಯಲ್ಲೇ ಬೆಳೆಸಿ, ಸಾಮಾನ್ಯವಾಗಿ ಎರಡೇ ಮರಿ ಹಾಕುತ್ತದೆ. ಚಳಿಗಾಲಗಳೆಲ್ಲ ಬಸುರಿಯಾಗಿಯೇ ನೆಲದಡಿಯ ಬಿರುಕುಗಳಲ್ಲಿ ಕಳೆಯುತ್ತವೆ.

ನೀರಿನ ದಾರಿಯ ಭೌತಶಾಸ್ತ್ರ ಸೊಗಸಾದದ್ದು. ನೀರು ಅತ್ಯಂತ ಸಾಂದ್ರವಾಗಿರುವುದು 4 ಡಿಗ್ರಿಯಲ್ಲಿ. ಹಾಗಾಗಿ ಕೆರೆಯ ಮೇಲೆ ಗಡ್ಡೆ ಕಟ್ಟಿದರೂ ತಳದಲ್ಲಿ 4 ಡಿಗ್ರಿ ಸುತ್ತಮುತ್ತ ಇರುತ್ತದೆ. ಕಪ್ಪೆಯ ಮೈದ್ರವದಲ್ಲಿ ಲವಣಗಳು ಕರಗಿರುವುದರಿಂದ ಅದು ಹೆಪ್ಪುಗಟ್ಟುವುದು ಮೈನಸ್ ಅರ್ಧ ಡಿಗ್ರಿಯ ಹತ್ತಿರ. ಅಂದರೆ ಮಂಜುಗಡ್ಡೆ ತೇಲುವ ಸೊನ್ನೆ ಡಿಗ್ರಿ ನೀರಲ್ಲಿ ಮುಳುಗಿ ಕೂತರೂ ಕಪ್ಪೆ ಗಡ್ಡೆಯಾಗುವುದಿಲ್ಲ. ಚಳಿಯ ಸಮಸ್ಯೆ ಇಲ್ಲಿಗೆ ಮುಗಿಯಿತು, ಉಸಿರಿನ ಸಮಸ್ಯೆ ಶುರುವಾಯಿತು.

ಆರು ತಿಂಗಳಿಗೂ ಮಿಕ್ಕಿ ಮುಚ್ಚಿಕೊಂಡಿರುವ ಬೆಟ್ಟದ ಕೆರೆಯನ್ನು ಕಲ್ಪಿಸಿಕೊಳ್ಳಿ. ಮೇಲೆ ಗಡ್ಡೆ, ಗಡ್ಡೆಯ ಮೇಲೆ ಹಿಮ. ಬೆಳಕು ಇಳಿಯುವುದಿಲ್ಲವಾದ್ದರಿಂದ ಪಾಚಿ ಆಮ್ಲಜನಕ ತಯಾರಿಸುವುದಿಲ್ಲ. ಗಾಳಿಯಿಂದಲೂ ಸೇರುವುದಿಲ್ಲ. ತಳದಲ್ಲಿ ಕೊಳೆಯುವ ಕಸ ಮಾತ್ರ ಇದ್ದಬದ್ದದ್ದನ್ನು ತಿನ್ನುತ್ತಲೇ ಇರುತ್ತದೆ. ಕಪ್ಪೆ ಇಡೀ ಚಳಿಗಾಲ ಚರ್ಮದ ಮೂಲಕವೇ ಉಸಿರಾಡಬೇಕು. ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾದಲ್ಲಿ ಹಳದಿ ಕಾಲಿನ ಬೆಟ್ಟಗಪ್ಪೆಗಳನ್ನು ಅಧ್ಯಯನ ಮಾಡಿದ ಡೇವಿಡ್ ಬ್ರಾಡ್‌ಫರ್ಡ್ 1983ರಲ್ಲಿ ಬರೆದದ್ದು ಇದನ್ನೇ: ಆಳವಿಲ್ಲದ ಕೆರೆಗಳಲ್ಲಿ ದೊಡ್ಡ ಕಪ್ಪೆಗಳು ಸತ್ತದ್ದು ಚಳಿಗಲ್ಲ, ಆಮ್ಲಜನಕ ಸಾಲದೆ. ಅದೇ ನೀರಲ್ಲಿ ಗೊದಮೊಟ್ಟೆಗಳು ಬದುಕಿದ್ದವು, ಅವುಗಳಿಗೆ ಕಡಿಮೆ ಆಮ್ಲಜನಕ ಸಾಕು. ಇಲ್ಲೊಂದು ಇಕ್ಕಟ್ಟಿದೆ. ಆ ಎತ್ತರದಲ್ಲಿ ಗೊದಮೊಟ್ಟೆ ಕಪ್ಪೆಯಾಗಲು ಎರಡರಿಂದ ನಾಲ್ಕು ವರ್ಷ ಬೇಕು, ಅಷ್ಟು ಚಳಿಗಾಲಗಳಲ್ಲಿ ಒಂದೇ ಒಂದು ಸಲವೂ ಕೆರೆ ತಳದವರೆಗೆ ಗಡ್ಡೆಯಾಗಕೂಡದು, ಬೇಸಿಗೆಯಲ್ಲಿ ಬತ್ತಲೂ ಕೂಡದು. ಅಂದರೆ ಆಳವಾದ ಕೆರೆಯೇ ಬೇಕು. ಆ ಆಳದ ಕೆರೆಗಳಿಗೇ ಮನುಷ್ಯರು ಹತ್ತೊಂಬತ್ತನೇ ಶತಮಾನದಿಂದ ಗಾಳ ಹಾಕುವವರ ಖುಷಿಗಾಗಿ ಟ್ರೌಟ್ ಮೀನು ತಂದು ಬಿಟ್ಟರು, ಆಮೇಲಾಮೇಲೆ ವಿಮಾನದಿಂದ ಮರಿ ಸುರಿದರು. ಟ್ರೌಟ್‌ಗೆ ಗೊದಮೊಟ್ಟೆ ಸುಲಭದ ತುತ್ತು. ಕಪ್ಪೆಗಳು ಮೀನಿಲ್ಲದ ಕಿರುಗೆರೆಗಳಿಗೆ ಸರಿದವು. ಅಲ್ಲಿ ಮೀನಿನ ಕಾಟ ಇರಲಿಲ್ಲ, ಚಳಿಗಾಲದ ಉಸಿರುಕಟ್ಟು ಇತ್ತು. ಕೆಲವು ಕೆರೆಗಳಿಂದ ಮೀನು ಹಿಡಿದು ತೆಗೆದ ಮೇಲೆ ಕಪ್ಪೆಗಳ ಸಂಖ್ಯೆ ಮತ್ತೆ ಏರಿದ್ದು ನಿಜ. ಚರ್ಮಕ್ಕೆ ತಗಲುವ ಕೈಟ್ರಿಡ್ ಶಿಲೀಂಧ್ರ ನಡುವೆ ಬಾರದಿದ್ದರೆ ಈ ಕತೆ ಇನ್ನಷ್ಟು ಚೆನ್ನಾಗಿ ಮುಂದುವರಿಯುತ್ತಿತ್ತು.

ಯುರೋಪಿನ ಸಾಮಾನ್ಯ ಕಪ್ಪೆ ಬೆಟ್ಟಗಳಲ್ಲಿ ಈ ಇಕ್ಕಟ್ಟಿನಿಂದ ಪಾರಾಗುವುದು ಹರಿಯುವ ತೊರೆಗಳಲ್ಲಿ ಚಳಿಗಾಲ ಕಳೆದು. ಕಲ್ಲುಗಳ ಮೇಲೆ ಬಿದ್ದು ಏಳುವ ನೀರಿಗೆ ಆಮ್ಲಜನಕದ ಬರವಿಲ್ಲ.

ಮೊದಲ ಹರಳು

ಈಗ ನಿಜಕ್ಕೂ ಗಡ್ಡೆಕಟ್ಟುವವರ ಸರದಿ. ಇವರಲ್ಲಿ ಹೆಚ್ಚು ಅಧ್ಯಯನವಾಗಿರುವುದು ಉತ್ತರ ಅಮೆರಿಕದ ವುಡ್ ಫ್ರಾಗ್. ಅಪಲಾಚಿಯನ್ ಬೆಟ್ಟಗಳ ದಕ್ಷಿಣ ತುದಿಯಿಂದ ಆರ್ಕ್‌ಟಿಕ್ ವೃತ್ತದಾಚೆಯ ಅಲಾಸ್ಕಾದವರೆಗೆ ಇದರ ವಾಸ. ಕಂದು ಬಣ್ಣ, ಕಣ್ಣಿನ ಹಿಂದೆ ಕಪ್ಪು ಪಟ್ಟೆ, ಅಂಗೈಯಲ್ಲಿ ಆರಾಮಾಗಿ ಕೂರುವಷ್ಟು ಗಾತ್ರ. ಇಂಥ ಕಪ್ಪೆಗಳು ಗಡ್ಡೆಕಟ್ಟಿಯೂ ಬದುಕುತ್ತವೆ ಎಂದು ವಿಲಿಯಂ ಶ್ಮಿಡ್ 1982ರಲ್ಲಿ ಪ್ರಕಟಿಸಿದರು. ಕೆನಡಾದಲ್ಲಿ ಕೆನೆತ್ ಮತ್ತು ಜ್ಯಾನೆಟ್ ಸ್ಟೋರಿ, ಒಹಾಯೊದಲ್ಲಿ ರಿಚರ್ಡ್ ಲೀ ಮತ್ತು ಜಾನ್ ಕೊಸ್ಟಾಂಜೊ ಅದರ ಒಳಗುಟ್ಟನ್ನು ದಶಕಗಟ್ಟಲೆ ಕೆದಕಿದ್ದಾರೆ.

ವುಡ್ ಫ್ರಾಗ್ ಆಳಕ್ಕೆ ಇಳಿಯುವುದಿಲ್ಲ. ನೆಲದಲ್ಲೊಂದು ತಗ್ಗು, ಮೇಲೆ ನಾಲ್ಕು ಬೆರಳು ತರಗೆಲೆ, ಅದೇ ಮನೆ. ಕಾಲು ಮಡಚಿ ಹೊಟ್ಟೆಯಡಿಗೆ ಸೇರಿಸಿ, ತಲೆ ತಗ್ಗಿಸಿ, ನೆಲಕ್ಕೆ ಅಂಟಿದಂತೆ ಕೂರುತ್ತದೆ. ಚಳಿ ಏರಿದಂತೆ ಮೊದಲು ಗಡ್ಡೆಯಾಗುವುದು ತರಗೆಲೆಗಳ ನಡುವಿನ ತೇವ. ಆ ತೇವದ ಒಂದು ಹರಳು ಕಪ್ಪೆಯ ಒದ್ದೆ ಚರ್ಮಕ್ಕೆ ತಾಗುತ್ತದೆ. ಕಪ್ಪೆಯ ಚರ್ಮ ನೀರನ್ನು ಆಚೀಚೆ ಬಿಡುವಂಥದ್ದಲ್ಲವೇ, ಅದು ಹರಳಿನ ಬೆಳವಣಿಗೆಯನ್ನೂ ಒಳಕ್ಕೆ ಬಿಡುತ್ತದೆ.

ಇದನ್ನು ಆಪತ್ತು ಎಂದುಕೊಳ್ಳುವುದು ಸಹಜ. ಕಪ್ಪೆಗೆ ಬೇಕಾಗಿರುವುದೇ ಇದು. ಹರಳು ತಾಗದೇ ಹೋದರೆ ಮೈದ್ರವ ಮೈನಸ್ 2 ಅಥವಾ 3 ಡಿಗ್ರಿಯವರೆಗೂ ಗಡ್ಡೆಯಾಗದೆ ತಣಿಯುತ್ತಾ ಹೋಗಬಹುದು. ಆಮೇಲೆ ಗಡ್ಡೆ ಹುಟ್ಟಿದರೆ ಅದು ಭುಗಿಲೆದ್ದ ಹಾಗೆ ಮೈತುಂಬಾ ಒಂದೇ ಏಟಿಗೆ ಹರಡುತ್ತದೆ, ಲಿವರ್‌ಗೆ ಸಕ್ಕರೆ ಸುರಿಯಲು ಪುರುಸೊತ್ತೇ ಸಿಗುವುದಿಲ್ಲ. ಮೈನಸ್ ಅರ್ಧ, ಹೆಚ್ಚೆಂದರೆ ಮೈನಸ್ ಒಂದರಲ್ಲೇ ಶುರುವಾದರೆ ಗಡ್ಡೆ ನಿಧಾನಕ್ಕೆ ತೆವಳುತ್ತದೆ. ಹಾಗೆ ಬೇಗ ಶುರುವಾಗಲು ಒದ್ದೆ ಚರ್ಮದ ಜೊತೆಗೆ ಇನ್ನೂ ಎರಡು ಏರ್ಪಾಟುಗಳಿವೆ: ಹರಳು ಕಟ್ಟಲು ಮೊಳೆಯಾಗುವ ಪ್ರೋಟೀನ್‌ಗಳು ರಕ್ತದಲ್ಲಿ, ಅದೇ ಕೆಲಸ ಮಾಡುವ ಬ್ಯಾಕ್ಟೀರಿಯಾ ಕರುಳಿನಲ್ಲಿ. ಗಡ್ಡೆಯನ್ನು ದೂರವಿಡಬೇಕೆಂದಿರುವ ಪ್ರಾಣಿ ಇಂಥವನ್ನೆಲ್ಲ ಹೊರಹಾಕುತ್ತದೆ. ಚಳಿಗಾಲದಲ್ಲಿ ಹೊಟ್ಟೆ ಖಾಲಿಮಾಡಿಕೊಂಡು ಕೂರುವ ಎಷ್ಟೋ ಕೀಟಗಳು ಮಾಡುವುದು ಅದನ್ನೇ.

ಗಡ್ಡೆ ಹುಟ್ಟಿದ ಕ್ಷಣ ಕಪ್ಪೆಯ ಮೈ ಬೆಚ್ಚಗಾಗುತ್ತದೆ. ಒಂದು ಗ್ರಾಂ ನೀರು ಗಡ್ಡೆಯಾಗುವಾಗ 334 ಜೂಲ್ ಶಾಖ ಬಿಡುತ್ತದೆ. ಹೊಟ್ಟೆಗೆ ತಾಗಿಸಿಟ್ಟ, ಉಷ್ಣಾಂಶ ಅಳೆಯುವ ತಂತಿಯಾದ ಥರ್ಮೋಕಪಲ್‌ನ ಗೆರೆ ಅಲ್ಲಿಯವರೆಗೆ ಇಳಿಯುತ್ತಿದ್ದದ್ದು ಸಟ್ಟನೆ ಮೈನಸ್ ಅರ್ಧಕ್ಕೆ ಜಿಗಿದು ನಿಲ್ಲುತ್ತದೆ. ಹೃದಯದ ಬಡಿತ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಕೆಲವೇ ನಿಮಿಷಗಳಲ್ಲಿ ಲಿವರ್‌ಗೆ ಸುದ್ದಿ ಮುಟ್ಟಿ, ಬೇಸಿಗೆಯಿಡೀ ತಿಂದು ಕೂಡಿಟ್ಟ ಗ್ಲೈಕೋಜನ್ (ಸಕ್ಕರೆಯ ದಾಸ್ತಾನು ರೂಪ) ಒಡೆದು ಗ್ಲೂಕೋಸ್ ರಕ್ತಕ್ಕೆ ಸುರಿಯತೊಡಗುತ್ತದೆ. ನಮ್ಮ ರಕ್ತಪರೀಕ್ಷೆಯ ಚೀಟಿಯಲ್ಲಿ ಖಾಲಿ ಹೊಟ್ಟೆಯ ಸಕ್ಕರೆ 90 ಎಂದಿದ್ದರೆ ಸಮಾಧಾನ, 126 ದಾಟಿದರೆ ಗಾಬರಿ. ಈ ಕಪ್ಪೆಯದು ಅದೇ ಲೆಕ್ಕದಲ್ಲಿ 4,500ರ ಆಸುಪಾಸು.

ಆ ಇಮ್ಮಡಿ ಬಡಿತದ ಹೃದಯಕ್ಕೆ ಈಗ ಒಂದೇ ಕೆಲಸ, ಸಕ್ಕರೆ ಹಂಚುವುದು. ಗಡ್ಡೆ ಹೊರಗಿನಿಂದ ಒಳಕ್ಕೆ ಬರುತ್ತಿದೆ: ಮೊದಲು ಬೆರಳು, ಕಾಲು, ಚರ್ಮದಡಿ. ಗಡ್ಡೆಕಟ್ಟಿದ ಕಡೆಗೆ ರಕ್ತ ಹೋಗುವುದಿಲ್ಲ. ಹಾಗಾಗಿ ಸಕ್ಕರೆಯ ದೊಡ್ಡ ಪಾಲು ಲಿವರ್, ಹೃದಯದಂಥ ಒಳಾಂಗಗಳಿಗೆ ಸಿಗುತ್ತದೆ, ಚರ್ಮ ಮತ್ತು ಕಾಲಿನ ಸ್ನಾಯುಗಳಿಗೆ ಕಡಿಮೆ. ಒಂದು ದಿನದ ಆಸುಪಾಸಿನಲ್ಲಿ ಬಡಿತ ಕ್ಷೀಣಿಸಿ ನಿಂತೇಹೋಗುತ್ತದೆ. ಆಗ ಕಪ್ಪೆಯನ್ನು ಕೈಗೆತ್ತಿಕೊಂಡರೆ ಗಟ್ಟಿ. ಕಣ್ಣು ಬೆಳ್ಳಗೆ ಮಂಕಾಗಿದೆ, ಯಾಕೆಂದರೆ ಕಣ್ಣಿನೊಳಗೂ ಗಡ್ಡೆ ಕಟ್ಟಿದೆ. ಉಸಿರಿಲ್ಲ, ರಕ್ತದ ಓಡಾಟವಿಲ್ಲ. ಮೇಜಿನ ಮೇಲೆ ಬಿಟ್ಟರೆ ಟಕ್ ಎನ್ನುತ್ತದೆ. (ದಯವಿಟ್ಟು ಬಿಡಬೇಡಿ, ಮಡಚಿದ ಬೆರಳು ಮುರಿಯುತ್ತದೆ.)

ಒಂದಿಷ್ಟು ಲೆಕ್ಕ

ಗಡ್ಡೆಕಟ್ಟುವುದೆಂದರೆ ಒಂದು ರೀತಿಯಲ್ಲಿ ಒಣಗುವುದು. ಮಂಜುಗಡ್ಡೆಯ ಹರಳಿಗೆ ಶುದ್ಧ ನೀರು ಮಾತ್ರ ಬೇಕು, ಅದು ಉಪ್ಪು, ಸಕ್ಕರೆಗಳನ್ನು ಹೊರಗೇ ಬಿಡುತ್ತದೆ. ಜೀವಕೋಶಗಳ ನಡುವಿನ ನೀರು ಗಡ್ಡೆಯಾದಂತೆ ಅಲ್ಲಿ ಉಳಿದ ದ್ರವ ಗಾಢವಾಗುತ್ತಾ ಹೋಗುತ್ತದೆ. ಆ ಗಾಢತೆಗೆ ಕೋಶದೊಳಗಿನ ನೀರು ಹೊರಕ್ಕೆ ಸೆಳೆಯಲ್ಪಡುತ್ತದೆ, ಕೋಶ ಮುದುಡುತ್ತದೆ. ಒಂದು ಮಿತಿಯವರೆಗೆ ಮುದುಡಿದರೆ ಮತ್ತೆ ಅರಳಬಹುದು. ಮಿತಿ ದಾಟಿದರೆ ಕೋಶದ ಪೊರೆಯೇ ಕುಸಿದು, ನೀರು ಮರಳಿ ಬಂದಾಗ ಸೋರುತ್ತದೆ. ವುಡ್ ಫ್ರಾಗ್‌ಗೆ ಆ ಮಿತಿ, ಮೈಯ ನೀರಿನ ಸುಮಾರು 65 ಶೇಕಡಾ ಗಡ್ಡೆಯಾಗುವುದು.

10 ಗ್ರಾಂ ತೂಕದ ಕಪ್ಪೆ, ಅದರಲ್ಲಿ 8 ಮಿಲಿಲೀಟರ್ ನೀರು ಎಂದಿಟ್ಟುಕೊಳ್ಳಿ. ದ್ರವವಾಗಿ ಉಳಿಯುವ ಪಾಲು ಗೊತ್ತಾಗಬೇಕಾದರೆ ಮೈದ್ರವ ಹೆಪ್ಪುಗಟ್ಟುವ ಬಿಂದುವನ್ನು ಆಗಿನ ಮೈಯ ಉಷ್ಣಾಂಶದಿಂದ ಭಾಗಿಸಿದರಾಯಿತು. ಸಕ್ಕರೆ ಸೇರದ ಕಪ್ಪೆಯ ಬಿಂದು ಮೈನಸ್ 0.47. ಮೈನಸ್ 2.5ಕ್ಕೆ ಇಳಿದಾಗ 0.47 ಭಾಗಿಸು 2.5, ಅಂದರೆ 19 ಶೇಕಡಾ ಮಾತ್ರ ದ್ರವ. ಎಂಟು ಮಿಲಿಯಲ್ಲಿ ಆರೂವರೆ ಗಡ್ಡೆ, 81 ಶೇಕಡಾ. ಸತ್ತಂತೆ. ಈಗ ಗ್ಲೂಕೋಸ್ ಮತ್ತು ಯೂರಿಯಾ ಸೇರಿ ಬಿಂದುವನ್ನು ಮೈನಸ್ 1.02ಕ್ಕೆ ಇಳಿಸಿವೆ ಎನ್ನಿ. ಅದೇ ಮೈನಸ್ 2.5ರಲ್ಲಿ 41 ಶೇಕಡಾ ದ್ರವವಾಗಿ ಉಳಿಯುತ್ತದೆ, ಗಡ್ಡೆ 59. ಬದುಕಿತು! ಅರ್ಧ ಡಿಗ್ರಿ ಕಟ್ಟಿಕೊಂಡು ಏನು ಮಾಡುವುದು ಎಂದು ಮೊದಲು ಕೇಳಿದ್ದಕ್ಕೆ ಉತ್ತರ ಇದು. ಗಡ್ಡೆ ಶುರುವಾಗುವುದನ್ನು ಸಕ್ಕರೆ ತಡೆಯಲಾರದು, ಆದರೆ ಎಲ್ಲಿ ನಿಲ್ಲಬೇಕೆಂದು ಹೇಳಬಲ್ಲದು. ಲೆಕ್ಕವನ್ನು ಮೈನಸ್ 5ಕ್ಕೆ ಎಳೆದು ನೋಡಿ: ಸಕ್ಕರೆಯಿದ್ದರೂ ಗಡ್ಡೆ 80 ಶೇಕಡಾ ಮುಟ್ಟುತ್ತದೆ. ಒಹಾಯೊದಂಥ ಕಡೆಯ ವುಡ್ ಫ್ರಾಗ್‌ಗಳ ತಾಳಿಕೆ ಮೈನಸ್ 4, 5ರ ಆಸುಪಾಸಿನಲ್ಲಿ ಮುಗಿಯುವುದಕ್ಕೂ ಇದಕ್ಕೂ ತಾಳೆಯಾಗುತ್ತದೆ. ಸಕ್ಕರೆ ಮೈಯಲ್ಲೆಲ್ಲ ಸಮನಾಗಿ ಇರುವುದಿಲ್ಲ, ಒಂದಿಷ್ಟು ನೀರು ಪ್ರೋಟೀನ್‌ಗಳಿಗೆ ಅಂಟಿಕೊಂಡು ಗಡ್ಡೆಯಾಗುವುದೇ ಇಲ್ಲ. ಇವೆರಡನ್ನೂ ಬಿಟ್ಟು ಹಾಕಿದ ಒರಟು ಲೆಕ್ಕ ಇದು, ಆದರೂ ದಿಕ್ಕು ಸರಿಯಾಗಿದೆ.

ಯೂರಿಯಾದ ಬಗ್ಗೆ ಒಂದು ಮಾತು. ಅದು ಮೂತ್ರದಲ್ಲಿ ಹೋಗಬೇಕಾದ ಕಸ. ಶರತ್ಕಾಲದಲ್ಲಿ ಮಣ್ಣು ಒಣಗಿದಂತೆ ಕಪ್ಪೆ ಅದನ್ನು ಹೊರಹಾಕದೆ ಮೈಯಲ್ಲೇ ಇಟ್ಟುಕೊಳ್ಳುತ್ತದೆ. ಸಕ್ಕರೆ ಗಡ್ಡೆ ಹುಟ್ಟಿದ ಮೇಲೆ ಬರುವಂಥದ್ದು, ಯೂರಿಯಾ ಮುಂಚೆಯೇ ಬಂದು ಕೂತಿರುತ್ತದೆ. ಅದು ಕೋಶಗಳ ದುಡಿಮೆಯನ್ನೂ ತಗ್ಗಿಸುವುದರಿಂದ ಆಮ್ಲಜನಕವಿಲ್ಲದ ದಿನಗಳಿಗೆ ಅನುಕೂಲ.

ಗಡ್ಡೆ ಎಲ್ಲಿ ಕೂರುತ್ತದೆ ಎಂಬುದೂ ಅಷ್ಟೇ ಮುಖ್ಯ. ಕಪ್ಪೆಯ ಚರ್ಮ ಮೈಗೆ ಬಿಗಿಯಾಗಿ ಅಂಟಿಲ್ಲ, ಕೆಳಗೆ ದುಗ್ಧರಸದ ಚೀಲಗಳಿವೆ. ಒಳಾಂಗಗಳಿಂದ ಹೊರಬಿದ್ದ ನೀರು ಈ ಚೀಲಗಳಲ್ಲೂ ಹೊಟ್ಟೆಯ ಪೊಳ್ಳಿನಲ್ಲೂ ಹೋಗಿ ಗಡ್ಡೆಯಾಗುತ್ತದೆ. ಗಡ್ಡೆಕಟ್ಟಿದ ಕಪ್ಪೆಯನ್ನು ಕೊಯ್ದು ನೋಡಿದರೆ ಚರ್ಮ ಮತ್ತು ಸ್ನಾಯುವಿನ ನಡುವೆ ಹಾಳೆಹಾಳೆಯಾದ ಮಂಜುಗಡ್ಡೆ, ಕರುಳಿನ ಸುತ್ತ ಹರಳುಗಳು. ನಡುವೆ ಸೊರಗಿ ಮುದುಡಿದ ಲಿವರ್. ಅಂಗದೊಳಗೆ ಹರಳು ಬೆಳೆದು ಸೂಕ್ಷ್ಮ ರಕ್ತನಾಳ ಹರಿಯುವುದಕ್ಕಿಂತ, ಪಕ್ಕದ ಖಾಲಿ ಜಾಗದಲ್ಲಿ ಬೆಳೆಯಲಿ ಎಂಬ ಏರ್ಪಾಟು.

ಪ್ರಯೋಗಾಲಯದಲ್ಲಿ ಸಾಯುವ ಕಪ್ಪೆ

ಇದನ್ನೆಲ್ಲ ಪರೀಕ್ಷಿಸುವ ಕ್ರಮ ಹೆಚ್ಚುಕಡಿಮೆ ಹೀಗೆ: ಶರತ್ಕಾಲದ ಕಪ್ಪೆಯನ್ನು ಕೆಲವು ವಾರ 4 ಡಿಗ್ರಿಯಲ್ಲಿ ಕತ್ತಲಲ್ಲಿಟ್ಟು ಒಗ್ಗಿಸುತ್ತಾರೆ. ಆಮೇಲೆ ಕೊಳವೆಯೊಳಗೆ, ಹೊಟ್ಟೆಗೆ ಥರ್ಮೋಕಪಲ್ ತಾಗಿಸಿ ಕೂರಿಸುತ್ತಾರೆ. ಮೈನಸ್ ಒಂದರ ಸಮೀಪ ಬಂದಾಗ ಮಂಜಿನ ಚೂರು ಸೋಕಿಸಿ ಗಡ್ಡೆ ಶುರುಮಾಡುತ್ತಾರೆ. ಆಮೇಲೆ ಗಂಟೆಗೆ 0.2 ಡಿಗ್ರಿಗೂ ಕಡಿಮೆ ವೇಗದಲ್ಲಿ ಇಳಿಸಿದರೆ ಮೈನಸ್ 2.5ಕ್ಕೆ ಹೋಗಿಬಂದೂ ಬದುಕುತ್ತವೆ. ಅದೇ ಮೈನಸ್ 2.5ಕ್ಕೆ ಗಂಟೆಗೆ ಒಂದು ಡಿಗ್ರಿಗೂ ಹೆಚ್ಚು ವೇಗದಲ್ಲಿ ಇಳಿಸಿದರೆ ಗಾಯ, ಸಾವು. ತಲುಪಿದ ಚಳಿ ಒಂದೇ, ದಾರಿಯ ವೇಗ ಬೇರೆ. ಹೃದಯ ನಿಲ್ಲುವ ಮುಂಚೆ ಸಕ್ಕರೆ ಹಂಚಿ ಮುಗಿಯಬೇಕು, ಒಳಾಂಗಗಳ ನೀರು ಹೊರಬರಬೇಕು. ಎರಡಕ್ಕೂ ಗಂಟೆಗಳು ಬೇಕು.

ಬೇಸಿಗೆಯಲ್ಲಿ ಹಿಡಿದ ಕಪ್ಪೆಗೆ ಹೀಗೆ ಮಾಡಿದರೆ ಹೆಚ್ಚಾಗಿ ಸಾಯುತ್ತದೆ, ಲಿವರ್‌ನಲ್ಲಿ ಆ ಮಟ್ಟದ ಗ್ಲೈಕೋಜನ್ ಇನ್ನೂ ಕೂಡಿರುವುದಿಲ್ಲ. ಮನೆಯ ಫ್ರಿಜ್‌ನ ಫ್ರೀಜರ್ ಮೈನಸ್ 18 ಇರುತ್ತದೆ. ವಿಡಿಯೋ ನೋಡಿ ಯಾರಾದರೂ ಕಪ್ಪೆಯನ್ನು ಅದರಲ್ಲಿಟ್ಟರೆ ಅದು ಏಳುವುದಿಲ್ಲ.

ಇಷ್ಟು ಹೇಳಿದ ಮೇಲೆ ನನ್ನ ಮಾತನ್ನೇ ಸ್ವಲ್ಪ ತಿದ್ದಿಕೊಳ್ಳಬೇಕು. ಡಾನ್ ಲಾರ್ಸನ್, ಬ್ರಯನ್ ಬಾರ್ನ್ಸ್ ಮತ್ತು ಸಂಗಡಿಗರು ಅಲಾಸ್ಕಾದ ಒಳನಾಡಿನಲ್ಲಿ ಕಪ್ಪೆಗಳನ್ನು ಅವು ಕೂತಲ್ಲೇ ಬಿಟ್ಟು ಚಳಿಗಾಲವಿಡೀ ಉಷ್ಣಾಂಶ ಅಳೆದು 2014ರಲ್ಲಿ ಪ್ರಕಟಿಸಿದರು. ಸರಾಸರಿ 193 ದಿನ ಸತತವಾಗಿ ಗಡ್ಡೆ, ಅತಿ ಕಡಿಮೆ ಉಷ್ಣಾಂಶ ಮೈನಸ್ 18.1. ಗಮನಿಸಿದ 18 ಕಪ್ಪೆಗಳೂ ಬದುಕಿದ್ದವು. ಮೇಲಿನ ನನ್ನ ಲೆಕ್ಕ ಇಲ್ಲಿ ಸೋಲುತ್ತದೆ. ಇವುಗಳ ಅಂಗಾಂಶಗಳಲ್ಲಿ ಗ್ಲೂಕೋಸ್ ಪ್ರಯೋಗಾಲಯದಲ್ಲಿ ಗಡ್ಡೆಗಟ್ಟಿಸಿದವಕ್ಕಿಂತ ಹಲವು ಪಟ್ಟು ಹೆಚ್ಚಿತ್ತು. ಪ್ರಯೋಗಾಲಯ ಒಂದೇ ಸಲ ನೇರವಾಗಿ ಇಳಿಸುತ್ತದೆ. ಕಾಡಿನಲ್ಲಿ ಶರತ್ಕಾಲದ ರಾತ್ರಿ ಗಡ್ಡೆ, ಹಗಲು ಕರಗು, ಮತ್ತೆ ಗಡ್ಡೆ, ಹೀಗೆ ದಿನಗಟ್ಟಲೆ ನಡೆಯುತ್ತದೆ. ಪ್ರತಿ ಗಡ್ಡೆಗೂ ಲಿವರ್ ಒಂದು ಕಂತು ಸುರಿಯುತ್ತದೆ, ನಡುವಿನ ಕರಗಿನಲ್ಲಿ ಅದು ಪೂರ್ತಿ ಹಿಂದಿರುಗುವಷ್ಟು ಹೊತ್ತಿರುವುದಿಲ್ಲ. ಕಂತುಕಂತಾಗಿ ಕೂಡುತ್ತದೆ. ಜೊತೆಗೆ ಸ್ನಾಯು ಮತ್ತು ಒಳಾಂಗಗಳಲ್ಲಿ ಮಂಜಿನ ಹರಳಿನ ಬೆಳವಣಿಗೆಗೆ ಅಡ್ಡಬರುವ ಒಂದು ಗ್ಲೈಕೋಲಿಪಿಡ್ (ಸಕ್ಕರೆ ಅಂಟಿದ ಕೊಬ್ಬು) ಕೂಡ ಸಿಕ್ಕಿತು. ಕಟ್ಟುನಿಟ್ಟಾಗಿ ನೋಡಿದರೆ ಅದನ್ನು ಆ್ಯಂಟಿಫ್ರೀಜ್, ಅಂದರೆ ಗಡ್ಡೆಗೆ ಅಡ್ಡಬರುವ ಪದಾರ್ಥ, ಎನ್ನಲೇಬೇಕು. ಆದರೆ ಅದೂ ಮೈಯನ್ನು ದ್ರವವಾಗಿ ಉಳಿಸುವ ಪದಾರ್ಥವಲ್ಲ. ಕಪ್ಪೆ ಆಗಲೂ ಕಲ್ಲೇ.

ಎಲ್ಲರೂ ಗ್ಲೂಕೋಸನ್ನೇ ನೆಚ್ಚಿಕೊಂಡಿಲ್ಲ. ಬೂದು ಮರಗಪ್ಪೆ ಗ್ಲಿಸರಾಲ್ ಬಳಸುತ್ತದೆ. ಸೈಬೀರಿಯಾದ ಸಾಲಮಾಂಡರ್ ಕೂಡ ಗ್ಲಿಸರಾಲ್‌ನವನೇ. ಮೈನಸ್ 35 ಡಿಗ್ರಿಗೂ ಬಗ್ಗದ ಆ ಬೆರಳುದ್ದದ ಪ್ರಾಣಿಯ ಮುಂದೆ ವುಡ್ ಫ್ರಾಗ್ ಸಾಧಾರಣವೆನಿಸುತ್ತದೆ.

ದಿನಕ್ಕೊಂದು ಚಳಿಗಾಲ

ಎತ್ತರ ಏರಿದಂತೆ ಲೆಕ್ಕ ಬದಲಾಗುತ್ತದೆ. ಟಿಬೆಟ್ ಪ್ರಸ್ಥಭೂಮಿಯಲ್ಲಿ 2,850ರಿಂದ 5,000 ಮೀಟರ್‌ಗಳಾಚೆಗೂ ಸಿಗುವ ನ್ಯಾನೊರಾನಾ ಪಾರ್ಕೆರಿ ಕಪ್ಪೆ ಮೈನಸ್ 2 ಡಿಗ್ರಿಯಲ್ಲಿ ಅರ್ಧ ದಿನ ಗಡ್ಡೆಯಾಗಿದ್ದು ಎದ್ದದ್ದನ್ನು ಚೀನಾದ ಸಂಶೋಧಕರು ತೋರಿಸಿದ್ದಾರೆ. ಅಲಾಸ್ಕಾದ ಮುಂದೆ ಇದು ಏನೂ ಅಲ್ಲ ಅನ್ನಿಸಬಹುದು. ಆದರೆ ಬಿಲ ಸೇರಿ ಕೂರುವ ಪ್ರಾಣಿಗೆ ಅಲಾಸ್ಕಾದ ತಾಳಿಕೆ ಯಾಕೆ ಬೇಕು? ಬಿಲದ ಬಾಯಲ್ಲಿ ನಾಲ್ಕಾರು ಗಂಟೆ ಚಳಿ ಒಳನುಗ್ಗಿದರೆ ಸಾಯದಿದ್ದರೆ ಸಾಕು. ಮೈನಸ್ ಎಷ್ಟು ಎಂಬ ಪಂದ್ಯ ಕಟ್ಟಿ ಇವನ್ನು ಸಾಲಾಗಿ ನಿಲ್ಲಿಸುವುದು ನನಗೆ ಸರಿಕಾಣುವುದಿಲ್ಲ. ಪ್ರತಿಯೊಂದೂ ತಾನು ಕೂರುವ ಜಾಗದ ಚಳಿಗೆ ತಕ್ಕಷ್ಟೇ ಖರ್ಚು ಮಾಡುತ್ತದೆ.

ಪೆರುವಿನ ವಿಲ್ಕನೋಟಾ ಶ್ರೇಣಿಯಲ್ಲಿ ಹಿಮನದಿ ಹಿಂದೆ ಸರಿದು ಹೊಸದಾಗಿ ಹುಟ್ಟಿದ ಕೊಳಗಳಲ್ಲಿ, 5,200 ಮೀಟರ್ ದಾಟಿದ ಮೇಲೂ ಮೂರು ಜಾತಿಯ ಕಪ್ಪೆ, ನೆಲಗಪ್ಪೆಗಳು ಸಿಕ್ಕಿದ್ದು 2007ರಲ್ಲಿ ವರದಿಯಾಯಿತು. ಅಲ್ಲಿ ಆರು ತಿಂಗಳ ಚಳಿಗಾಲವಿಲ್ಲ, ಅದು ಉಷ್ಣವಲಯ. ರಾತ್ರಿ ಗಡ್ಡೆ, ಮಧ್ಯಾಹ್ನ ಬಿಸಿಲು, ಮತ್ತೆ ರಾತ್ರಿ ಗಡ್ಡೆ, ವರ್ಷವಿಡೀ. ವಾರಗಟ್ಟಲೆ ಸಿದ್ಧತೆ, ತಿಂಗಳುಗಟ್ಟಲೆ ನಿದ್ದೆ ಇಲ್ಲಿ ನಡೆಯುವುದಿಲ್ಲ. ಹಗಲು ಬಂಡೆಗೆ ಕಾದ ಶಾಖ ಉಳಿದಿರುವ ಕಲ್ಲಡಿ ಸೇರುವುದು, ಬೆಳಿಗ್ಗೆ ಬಿಸಿಲಿಗೆ ಮೈಯೊಡ್ಡುವುದು. ಆಂಡೀಸ್‌ನ ನೆಲಗಪ್ಪೆ ಗಾಳಿ ಇನ್ನೂ ಕೊರೆಯುತ್ತಿರುವಾಗಲೇ ಬಿಸಿಲಲ್ಲಿ ಕೂತು ಗಾಳಿಗಿಂತ ಹತ್ತು ಡಿಗ್ರಿಗೂ ಹೆಚ್ಚು ಬೆಚ್ಚಗಾಗಬಲ್ಲದು. ಒದ್ದೆ ಚರ್ಮದ ಪ್ರಾಣಿಗೆ ಬಿಸಿಲು ಕಾಯುವುದೆಂದರೆ ನೀರು ಕಳೆದುಕೊಳ್ಳುವುದು, ಅದನ್ನೂ ಲೆಕ್ಕ ಹಾಕಿಯೇ ಕೂರಬೇಕು.

ಹಿಮವೇ ಹೊದಿಕೆ

ವುಡ್ ಫ್ರಾಗ್ ಮೇಲಿನ ನಾಲ್ಕು ಬೆರಳು ತರಗೆಲೆ ಅದನ್ನು ಕಾಯುವುದು ಹಿಮ ಬೀಳುವವರೆಗೆ ಮಾತ್ರ. ಆಮೇಲಿನ ಕೆಲಸ ಹಿಮದ್ದು. ಹೊಸ ಹಿಮದ ತುಂಬಾ ಸಿಕ್ಕಿಬಿದ್ದ ಗಾಳಿ. ಗಟ್ಟಿ ಮಂಜುಗಡ್ಡೆಗೆ ಹೋಲಿಸಿದರೆ ಅದು ಶಾಖ ಹರಿಸುವುದು ಇಪ್ಪತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚಿಲ್ಲ. ಒಂದು ಗೇಣು, ಗೇಣೂವರೆ ಸಡಿಲ ಹಿಮ ಕೂತರೆ ಮೇಲೆ ಮೈನಸ್ 25 ಇದ್ದಾಗಲೂ ನೆಲ ಸೊನ್ನೆಗಿಂತ ಕೆಲವೇ ಡಿಗ್ರಿ ಕೆಳಗಿರುತ್ತದೆ. ಏರಿಳಿತವೂ ನಿಧಾನ. ಪ್ರಯೋಗಾಲಯದವರು ಕಷ್ಟಪಟ್ಟು ಸಾಧಿಸುವ ಗಂಟೆಗೆ 0.2 ಡಿಗ್ರಿಯನ್ನು ಹಿಮ ಪುಕ್ಕಟೆ ಕೊಡುತ್ತದೆ.

ಬೆಟ್ಟದಲ್ಲಿ ಹಿಮ ಸಮನಾಗಿ ಬೀಳುವುದಿಲ್ಲ ಎಂಬುದೇ ಕಷ್ಟ. ಗಾಳಿಗೆದುರಾದ ದಿಣ್ಣೆಯ ನೆತ್ತಿ ಬೋಳು, ಮರೆಯ ಇಳಿಜಾರಿನಲ್ಲಿ ಆಳುದ್ದ ರಾಶಿ. ನೂರು ಹೆಜ್ಜೆ ಅಂತರದ ಎರಡು ತಗ್ಗುಗಳಲ್ಲಿ ಒಂದರಲ್ಲಿ ಮೈನಸ್ 2, ಇನ್ನೊಂದರಲ್ಲಿ ಮೈನಸ್ 12 ಆದರೆ ಆಶ್ಚರ್ಯವಿಲ್ಲ. ಚಳಿಗಾಲ ಬೆಚ್ಚಗಾದರೆ ಕಪ್ಪೆಗಳಿಗೆ ಒಳ್ಳೆಯದಲ್ಲವೇ ಎಂದು ಕೇಳುವವರು ಇದನ್ನು ಮರೆಯುತ್ತಾರೆ. ಬೆಚ್ಚಗಾದ ಚಳಿಗಾಲವೆಂದರೆ ಎಷ್ಟೋ ಕಡೆ ತಡವಾಗಿ ಬೀಳುವ, ನಡುವೆ ಕರಗಿಹೋಗುವ ಹಿಮ. ಹೊದಿಕೆ ಸರಿದ ರಾತ್ರಿ ಆಕಾಶ ಶುಭ್ರವಾಗಿದ್ದರೆ ನೆಲ ಮೊದಲಿಗಿಂತ ಹೆಚ್ಚು ತಣಿಯುತ್ತದೆ, ಬೇಗನೆಯೂ ತಣಿಯುತ್ತದೆ. ಜೊತೆಗೆ ಕರಗಿದ ದಿನಗಳಲ್ಲೆಲ್ಲ ಕಪ್ಪೆಯ ಮೈ ದುಡಿಯುತ್ತದೆ, ತಿನ್ನಲು ಏನೂ ಇಲ್ಲದ ಹೊತ್ತಿನಲ್ಲಿ ಲಿವರ್‌ನ ದಾಸ್ತಾನು ಕರಗುತ್ತದೆ. ಗಡ್ಡೆಯಾಗಿರುವ ಕಪ್ಪೆಯ ಖರ್ಚು ಬಹಳ ಕಡಿಮೆ.

ಕರಗುವಾಗ

ಗಡ್ಡೆಯಾಗಿದ್ದದ್ದು ಹೊರಗಿನಿಂದ ಒಳಕ್ಕೆ. ಕರಗುವುದೂ ಹಾಗೇ ಆದರೆ ಕಷ್ಟ: ಕಾಲು ಮೊದಲು ಎಚ್ಚೆತ್ತು ಆಮ್ಲಜನಕ ಕೇಳುತ್ತದೆ, ಕಳಿಸಬೇಕಾದ ಹೃದಯ ಇನ್ನೂ ಕಲ್ಲು. ಹಾಗಾಗುವುದಿಲ್ಲ. ಒಳಾಂಗಗಳಲ್ಲಿ ಸಕ್ಕರೆ ಹೆಚ್ಚಿರುವುದರಿಂದ ಅಲ್ಲಿನ ಗಡ್ಡೆ ಇನ್ನೂ ಕಡಿಮೆ ಉಷ್ಣಾಂಶದಲ್ಲೇ ಕರಗತೊಡಗುತ್ತದೆ. ಬೆಚ್ಚಗಾಗುವುದು ಹೊರಗಿನಿಂದಲೇ ಆದರೂ ಮೈಯೊಳಗೆ ಹೃದಯ ಹಿಂದೆ ಬೀಳುವುದಿಲ್ಲ. ಸಕ್ಕರೆ ಅಸಮವಾಗಿ ಹಂಚಿದ್ದರ ಲಾಭ ಕಾಣುವುದು ಈ ಹೊತ್ತಿನಲ್ಲಿ.

ಮೊದಲ ಲಕ್ಷಣ ಎದೆಯ ಚರ್ಮದಡಿ ಒಂದು ಅದುರು. ಮೈಯಲ್ಲಿ ಇನ್ನೂ ಗಡ್ಡೆ ಉಳಿದಿರುವಾಗಲೇ ಹೃದಯ ಒಂದು ಸಲ ಬಡಿದು, ಎಷ್ಟೋ ಹೊತ್ತು ಸುಮ್ಮನಿದ್ದು, ಮತ್ತೊಮ್ಮೆ ಬಡಿಯುತ್ತದೆ. ಗಂಟಲು ಆಡತೊಡಗುವುದು ಅದರ ನಂತರ. ಕಾಲನ್ನು ಮೆಲ್ಲಗೆ ಹಿಂಡಿದರೆ ಒಳಕ್ಕೆ ಎಳೆದುಕೊಳ್ಳುವುದು ಇನ್ನೂ ಕೆಲವು ಗಂಟೆಗಳಾದ ಮೇಲೆ. ಬೆನ್ನಡಿ ಮಾಡಿ ಮಲಗಿಸಿದರೆ ತಾನಾಗಿ ಮಗುಚಿಕೊಂಡರೆ ಸಂಶೋಧಕರು ಚೇತರಿಸಿಕೊಂಡಿತು ಎಂದು ಬರೆದುಕೊಳ್ಳುತ್ತಾರೆ. ಇದ್ದಕ್ಕಿದ್ದಂತೆ ಬಂದ ಆಮ್ಲಜನಕದಿಂದಲೂ ಅಂಗಾಂಶಕ್ಕೆ ಏಟು ಬೀಳಬಹುದು. ಅದನ್ನು ತಾಳುವ ಕಿಣ್ವಗಳನ್ನು ಕಪ್ಪೆ ಮುಂಚೆಯೇ ಸಜ್ಜಾಗಿಟ್ಟುಕೊಂಡಿರುತ್ತದೆ.

ಇನ್ನು ಆ ಸಕ್ಕರೆ. ಅಷ್ಟು ಗ್ಲೂಕೋಸ್ ರಕ್ತದಲ್ಲಿ ಸುಮ್ಮನೆ ಉಳಿದರೆ ಪ್ರೋಟೀನ್‌ಗಳಿಗೆ ಅಂಟಿಕೊಂಡು ಕೆಡಿಸುತ್ತದೆ, ಸಕ್ಕರೆ ಕಾಯಿಲೆಯಲ್ಲಿ ಆಗುವ ಹಾಗೇ. ಮೂತ್ರದಲ್ಲಿ ಹೋಗಿಬಿಟ್ಟರೆ ಬೇಸಿಗೆಯಿಡೀ ಕೂಡಿಟ್ಟದ್ದೆಲ್ಲ ನಷ್ಟ. ಕಪ್ಪೆ ಅದನ್ನು ನಿಧಾನವಾಗಿ ಲಿವರ್‌ಗೆ ಹಿಂದಿರುಗಿಸಿ ಗ್ಲೈಕೋಜನ್ ಮಾಡಿಕೊಳ್ಳುತ್ತದೆ. ಮೂತ್ರಕೋಶಕ್ಕೆ ಸೋರಿಹೋದದ್ದನ್ನೂ ಅದರ ಗೋಡೆಯ ಮೂಲಕ ಮತ್ತೆ ರಕ್ತಕ್ಕೆ ಎಳೆದುಕೊಳ್ಳುತ್ತದೆ.

ಆಮೇಲೆ ಆತುರ. ವುಡ್ ಫ್ರಾಗ್‌ಗಳು ಹಿಮ ಕರಗಿದ ನೀರು ನಿಂತ ಕೊಳಗಳಲ್ಲಿ ಮೊಟ್ಟೆಯಿಡುತ್ತವೆ, ಆ ಕೊಳಗಳು ಬೇಸಿಗೆಗೆ ಬತ್ತುತ್ತವೆ. ಅದಕ್ಕಾಗಿಯೇ ಇಷ್ಟು ಮೇಲೆ ಕೂತು ಗಡ್ಡೆಕಟ್ಟುವ ಕಷ್ಟ: ಆಳದಲ್ಲಿ ಮಲಗಿದವರಿಗೆ ವಸಂತದ ಸುದ್ದಿ ತಡವಾಗಿ ಮುಟ್ಟುತ್ತದೆ, ಎಲೆಯಡಿ ಕೂತವನಿಗೆ ಮೊದಲ ಬಿಸಿಲಿಗೇ. ಕೊಳದ ಅಂಚಿನಲ್ಲಿ ಇನ್ನೂ ಗಡ್ಡೆ ಇರುವಾಗ ಗಂಡುಗಳು ಕೂಗತೊಡಗುತ್ತವೆ. ಹೆಣ್ಣುಗಳು ಒಂದರ ಪಕ್ಕ ಒಂದು ಮೊಟ್ಟೆಯ ಮುದ್ದೆಗಳನ್ನು ಪೇರಿಸುತ್ತವೆ, ರಾಶಿಯ ನಡುಭಾಗ ಸುತ್ತಲಿನ ನೀರಿಗಿಂತ ಬೆಚ್ಚಗಿರುತ್ತದೆ. ಮೊಟ್ಟೆಗಳಿಗೆ ಮಾತ್ರ ತಾಯಿಯ ವಿದ್ಯೆ ಬರುವುದಿಲ್ಲ. ರಾತ್ರಿ ಕೊಳದ ಮೇಲ್ಪದರ ಮತ್ತೆ ಹೆಪ್ಪುಗಟ್ಟಿದರೆ ಅದರಲ್ಲಿ ಸಿಕ್ಕಿದ ಮೇಲಿನ ಮೊಟ್ಟೆಗಳು ಬಿಳಿಚಿಕೊಂಡು ಸಾಯುತ್ತವೆ, ಕೆಳಗಿನವು ಬೆಳೆಯುತ್ತಾ ಹೋಗುತ್ತವೆ.